ಅಚ್ಚಿನ ತಪ್ಪು, ಆಮೇಲಿನ ಪೆಟ್ಟು

ಬಸ್ಸಿನಲ್ಲೋ ಸಂತೆಯಲ್ಲೋ ಕೈಗೆ ಬಂದ ಚಿಲ್ಲರೆಯಲ್ಲಿ ವಿಚಿತ್ರವಾದ ಒಂದು ನಾಣ್ಯ ಕಂಡರೆ ಈಗ ಅದನ್ನು ಖರ್ಚು ಮಾಡಲು ಜನರಿಗೆ ಮನಸ್ಸು ಬರುವುದಿಲ್ಲ. ಅಂಚು ಹರಿದದ್ದು, ಅಕ್ಷರ ಜೋಡಿಯಾಗಿ ಮೂಡಿದ್ದು, ಸಿಂಹಗಳ ಮುಖ ಅಳಿಸಿಹೋದದ್ದು, ಬಿಳಿ ಲೋಹ ಹಳದಿಗೆ ತಿರುಗಿದ್ದು, ಎಲ್ಲಕ್ಕೂ ‘ಟಂಕಸಾಲೆಯ ತಪ್ಪು’ ಎಂಬ ಒಂದೇ ಹೆಸರು, ಎಲ್ಲಕ್ಕೂ ಲಕ್ಷದ ಬೆಲೆ. ಈ ನಂಬಿಕೆಯ ಬೆನ್ನು ಹತ್ತಿದ ಮೋಸಗಾರರು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್, ತೆರಿಗೆ ಎಂದು ಮುಂಗಡ ಹಣ ಕೀಳತೊಡಗಿದರು. 2021ರ ಆಗಸ್ಟ್‌ನಲ್ಲಿ ಆ ಬ್ಯಾಂಕೇ ಪ್ರಕಟಣೆ ಹೊರಡಿಸಿ, ಹಳೆಯ ನೋಟು ನಾಣ್ಯಗಳ ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಅಂಥ ಶುಲ್ಕ ವಸೂಲಿಗೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಎಚ್ಚರಿಸಬೇಕಾಯಿತು. ಹಣ ಕಳೆದುಕೊಂಡವರನ್ನು ದುರಾಸೆಯವರೆಂದು ಬೈಯುವುದು ಸುಲಭ. ನಾಣ್ಯವನ್ನು ಓದುವ ಬಗೆಯನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದು ಅದಕ್ಕಿಂತ ದೊಡ್ಡ ಸತ್ಯ. ಆ ಬಗೆ ಕಷ್ಟದ್ದೇನೂ ಅಲ್ಲ. ಲೋಹ ಕದಲಿದ್ದು ಅಚ್ಚು ಬೀಳುವ ಮೊದಲೋ, ಬೀಳುವ ಹೊತ್ತಿನಲ್ಲೋ, ಬಿದ್ದ ಮೇಲೋ ಎಂಬ ಒಂದು ಪ್ರಶ್ನೆ ಸಾಕು. ಆದರೆ ಉತ್ತರ ಸಿಗಬೇಕಾದರೆ ಆ ನಾಣ್ಯವನ್ನು ಯಾವ ಕಾಲದಲ್ಲಿ, ಯಾವ ಸಲಕರಣೆಯಿಂದ, ಯಾವ ಕ್ರಮದಲ್ಲಿ ಮಾಡುತ್ತಿದ್ದರು ಎಂಬುದು ಗೊತ್ತಿರಬೇಕು. ಕಮ್ಮಟದ, ಅಂದರೆ ಟಂಕಸಾಲೆಯ, ಚರಿತ್ರೆ ಗೊತ್ತಿಲ್ಲದೆ ನಾಣ್ಯದ ತಪ್ಪನ್ನು ಗುರುತಿಸಲು ಸಾಧ್ಯವಿಲ್ಲ ಎಂಬುದೇ ನನ್ನ ವಾದ.

ಕೈಯಿಂದ ನಾಣ್ಯ ಹೊಡೆಯುತ್ತಿದ್ದ ಕಾಲದಿಂದ ಶುರು ಮಾಡೋಣ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಗದ್ಯಾಣಕ್ಕೆ ಎಷ್ಟು ಹೆಸರಿತ್ತೆಂದರೆ ಶಾಸನಗಳು ದಾನವನ್ನು ‘ಲೊಕ್ಕಿ ಗದ್ಯಾಣ’ದ ಲೆಕ್ಕದಲ್ಲೇ ಬರೆದವು. ಆ ಕಾಲದ ಚಿನ್ನದ ನಾಣ್ಯಗಳಲ್ಲಿ ಹಲವಕ್ಕೆ ಒಂದೇ ಅಚ್ಚಿನಿಂದ ಇಡೀ ಚಿತ್ರ ಬೀಳುತ್ತಿರಲಿಲ್ಲ. ಸಿಂಹಕ್ಕೊಂದು, ಅಕ್ಷರಕ್ಕೊಂದು ಎಂದು ಬೇರೆ ಬೇರೆ ಮುದ್ರೆಗಳನ್ನು ಒಂದಾದ ಮೇಲೊಂದರಂತೆ ಒತ್ತುತ್ತಿದ್ದರು. ಒಂದು ಮುದ್ರೆ ಇನ್ನೊಂದರ ಮೇಲೆ ಹತ್ತಿದರೆ, ಇನ್ನೊಂದು ಅಂಚಿನಾಚೆ ಅರ್ಧ ಜಾರಿದರೆ ಅದು ಆ ಕಮ್ಮಟದ ದಿನನಿತ್ಯದ ರೀತಿ. ಮೊಗಲರ ರೂಪಾಯಿಯಲ್ಲಂತೂ ಅಚ್ಚೇ ಬಿಲ್ಲೆಗಿಂತ ದೊಡ್ಡದು. ಬಾದಶಹನ ಹೆಸರು, ಊರಿನ ಹೆಸರು, ವರ್ಷ ಇವುಗಳಲ್ಲಿ ಯಾವುದು ಬಿಲ್ಲೆಯ ಮೇಲೆ ಬೀಳುತ್ತದೆ, ಯಾವುದು ಹೊರಗುಳಿಯುತ್ತದೆ ಎಂಬುದು ಸುತ್ತಿಗೆ ಹಿಡಿದವನ ಆ ಕ್ಷಣದ ಕೈಗೆ ಬಿಟ್ಟದ್ದು. ಶ್ರೀರಂಗಪಟ್ಟಣದ ಕಮ್ಮಟದಿಂದ ಬಂದ ಟಿಪ್ಪುವಿನ ಆನೆಯ ತಾಮ್ರದ ಪೈಸೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದರಲ್ಲಿ ಆನೆಯ ಸೊಂಡಿಲಿಲ್ಲ, ಇನ್ನೊಂದರಲ್ಲಿ ಬಾಲವಿಲ್ಲ, ಮತ್ತೊಂದರಲ್ಲಿ ಬೆನ್ನಿನ ಗೆರೆ ಎರಡು. ಇವುಗಳನ್ನು ‘ಅಪರೂಪದ ತಪ್ಪು ನಾಣ್ಯ’ ಎಂದು ಮಾರುವವನು ಆ ಕಾಲದ ಕೆಲಸಗಾರನಿಗೆ ಅವನು ಕೇಳಿಯೇ ಇರದ ನಿಯಮವೊಂದನ್ನು ಹೇರುತ್ತಿದ್ದಾನೆ.

ಹಾಗಾದರೆ ಕೈಯಚ್ಚಿನ ನಾಣ್ಯದಲ್ಲಿ ತಪ್ಪೇ ಇಲ್ಲವೇ ಎಂದು ಕೇಳಬಹುದು. ಇದೆ. ಹೊಡೆದ ನಾಣ್ಯ ಮೇಲಿನ ಅಚ್ಚಿಗೆ ಅಂಟಿಕೊಂಡು, ಮುಂದಿನ ಬಿಲ್ಲೆಯ ಮೇಲೆ ಅದೇ ಚಿತ್ರ ತಗ್ಗಾಗಿ, ಎಡಬಲ ತಿರುವಿ ಮೂಡಿದ ಉದಾಹರಣೆಗಳು ಪ್ರಾಚೀನ ರೋಮಿನಿಂದಲೂ ಸಿಕ್ಕಿವೆ. ಅದು ಯಾವ ಕಾಲದಲ್ಲಾದರೂ ತಪ್ಪೇ. ಆದರೆ ಇಂಥವನ್ನು ಬಿಟ್ಟರೆ ಪ್ರತಿ ಕಾಲವೂ ತನಗೆ ಮುಖ್ಯವಾದ ಒಂದು ಅಳತೆಯನ್ನು ಇಟ್ಟುಕೊಂಡಿರುತ್ತದೆ, ಆ ಅಳತೆಯನ್ನು ಮೀರಿದ್ದು ಮಾತ್ರ ಆ ಕಾಲದ ತಪ್ಪು. ಕೈಯಚ್ಚಿನ ಕಾಲಕ್ಕೆ ಆ ಅಳತೆ ತೂಕ ಮತ್ತು ಲೋಹದ ಶುದ್ಧಿ. ನಾಣ್ಯ ಪರೀಕ್ಷಿಸುತ್ತಿದ್ದ ಚಿನಿವಾರ, ಸರಾಫ ಇಬ್ಬರೂ ತಕ್ಕಡಿ, ಒರೆಗಲ್ಲು, ಕಿವಿ ಇವನ್ನು ನಂಬಿದರೇ ಹೊರತು ಚಿತ್ರ ನಡುವೆ ಕೂತಿದೆಯೇ ಎಂದು ನೋಡಲಿಲ್ಲ. ಬೆಳ್ಳಿಯ ಒಳಗೆ ತಾಮ್ರ ಅಡಗಿದೆಯೇ ಎಂದು ತಿಳಿಯಲು ಅವರು ರೂಪಾಯಿಯ ಮೇಲೆ ಸಣ್ಣ ಉಳಿಯಿಂದ ಚುಕ್ಕೆ, ಹೂವು, ನಕ್ಷತ್ರದಂಥ ಗುರುತು ಒತ್ತುತ್ತಿದ್ದರು. ಬಂಗಾಳದಲ್ಲಿ ಸರಾಫರು ನಾಣ್ಯ ಹಳೆಯದಾದಂತೆ ವಟ್ಟ ಕಳೆಯುತ್ತಿದ್ದರು. ತೂಕ ಇಳಿಯದಿದ್ದರೂ ಅದರ ಮೇಲಿನ ಆಳ್ವಿಕೆಯ ವರ್ಷ ಹಳತಾಗಿದೆ ಎಂಬುದೇ ಅವರಿಗೆ ಸಾಕಾಗಿತ್ತು.

ಈ ವಟ್ಟದ ಕಾಟವೇ ಇನ್ನೊಂದು ಬಗೆಯ ಗೊಂದಲಕ್ಕೆ ಬೀಜ ಹಾಕಿತು. ನಾಣ್ಯದ ವಯಸ್ಸು ನೋಡಿ ಬೆಲೆ ಇಳಿಸುವುದನ್ನು ತಪ್ಪಿಸಲು ಈಸ್ಟ್ ಇಂಡಿಯಾ ಕಂಪನಿ ಬಂಗಾಳದ ಸಿಕ್ಕಾ ರೂಪಾಯಿಗಳ ಮೇಲೆ ಮೊಗಲ ಬಾದಶಹ ಷಾ ಆಲಂನ 19ನೆಯ ಆಳ್ವಿಕೆ ವರ್ಷವನ್ನೇ ವರ್ಷಾನುವರ್ಷ ಹಾಕುತ್ತ ಹೋಯಿತು. ಬೇರೆ ಕಡೆ ಹೊಡೆದರೂ ಮುರ್ಷಿದಾಬಾದಿನ ಹೆಸರನ್ನೇ ಉಳಿಸಿತು. ಚರಿತ್ರೆ ಗೊತ್ತಿಲ್ಲದವನಿಗೆ ಆ ವರ್ಷ, ಆ ಊರು ಎರಡೂ ತಪ್ಪು. ಗೊತ್ತಿದ್ದವನಿಗೆ ಎರಡೂ ಬೇಕೆಂದೇ ತೆಗೆದುಕೊಂಡ ತೀರ್ಮಾನಗಳು. ಟಿಪ್ಪು 1787ರ ಸುಮಾರಿಗೆ ಮೌಲೂದಿ ಶಕೆಯನ್ನು ಜಾರಿಗೆ ತಂದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬ ವರ್ಷ ನಾವು ಓದುವ ಕ್ರಮದಲ್ಲಿ 5121 ಎಂದು ಕಾಣುತ್ತದೆ. ಇದನ್ನು ಕೊರೆಯುವವನ ಕೈತಪ್ಪು ಎನ್ನಲಾಗದು, ಏಕೆಂದರೆ ಅದು ಒಂದೆರಡು ನಾಣ್ಯದಲ್ಲಲ್ಲ, ಆ ಶಕೆಯ ಎಲ್ಲ ನಾಣ್ಯಗಳಲ್ಲೂ ವ್ಯವಸ್ಥಿತವಾಗಿ ಬರುತ್ತದೆ. ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳ ಬಗ್ಗೆ ಜೆ. ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಪುಸ್ತಕದ ಬೆಲೆ ಇರುವುದೇ ಇಲ್ಲಿ: ಅದು ಕಮ್ಮಟ ಕಮ್ಮಟಕ್ಕೂ, ವರ್ಷ ವರ್ಷಕ್ಕೂ ಯಾವುದು ರೂಢಿ ಎಂಬುದನ್ನು ಕಟ್ಟಿಕೊಡುತ್ತದೆ. ರೂಢಿ ಗೊತ್ತಾದ ಮೇಲೆ ತಾನೇ ರೂಢಿ ತಪ್ಪಿದ್ದು ಗೊತ್ತಾಗುವುದು. ವಿಕ್ಟೋರಿಯಾ ರಾಣಿಯ 1862ರ ರೂಪಾಯಿಯನ್ನು ಅದೇ ವರ್ಷದ ಅಂಕಿಯಿಟ್ಟು 1874ರವರೆಗೂ ಹೊಡೆದರು. ನಿಜವಾದ ವರ್ಷ ಗುರುತಿಸಲು ಮುಂಬಯಿಯ ಟಂಕಸಾಲೆ ಅಚ್ಚಿನಲ್ಲಿ ಸಣ್ಣ ಚುಕ್ಕೆಗಳನ್ನು ಇಟ್ಟಿತು. ಆ ಚುಕ್ಕೆಗಳನ್ನು ಅಚ್ಚಿನ ಸವೆತ ಎಂದು ತಿಳಿದರೆ ಒಂದು ಗುಪ್ತ ಕ್ಯಾಲೆಂಡರನ್ನೇ ಕಳೆದುಕೊಂಡಂತೆ.

ಇಂದು ನಾವು ಯಾವುದನ್ನು ತಪ್ಪು ನಾಣ್ಯ ಎನ್ನುತ್ತೇವೋ ಅದು ಯಂತ್ರದ ಕೂಸು. ಕಲ್ಕತ್ತೆಯ ಸ್ಟ್ರ್ಯಾಂಡ್ ರಸ್ತೆಯ ಟಂಕಸಾಲೆ ಬೋಲ್ಟನ್–ವ್ಯಾಟ್ ಕಂಪನಿಯ ಉಗಿಯಂತ್ರಗಳೊಂದಿಗೆ 1829ರ ಆಗಸ್ಟ್ 1ರಂದು ಕೆಲಸ ಶುರು ಮಾಡಿತು. ಮುಂಬಯಿಯ ಟಂಕಸಾಲೆಯೂ ಅದೇ ದಶಕದಲ್ಲಿ ಎದ್ದಿತು. 1835ರ 17ನೆಯ ಕಾಯಿದೆ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯ ಒಂದೇ ರೂಪಾಯಿಯನ್ನು ಕಂಪನಿಯ ಆಡಳಿತದ ಉದ್ದಗಲಕ್ಕೂ ತಂದಿತು. ಆಗ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಅಶೋಕನ ಬ್ರಾಹ್ಮಿಯನ್ನು ಓದಿದ ಅದೇ ಪ್ರಿನ್ಸೆಪ್. ಹಳೆಯ ನಾಣ್ಯಗಳ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ ನೋಡುತ್ತಿದ್ದ ಅವನ ಕಣ್ಣು, ತೂಕ–ಶುದ್ಧಿಯ ಕೋಷ್ಟಕ ಬರೆಯುತ್ತಿದ್ದ ಅವನ ಕೈ ಎರಡೂ ಆ ಕೆಲಸದಲ್ಲೇ ಪಳಗಿದ್ದವು. ಯಂತ್ರ ಬಂದ ಮೇಲೆ ನಾಣ್ಯ ಹುಟ್ಟುವ ಕ್ರಮ ಹೀಗಾಯಿತು: ಲೋಹದ ಪಟ್ಟಿಯನ್ನು ಒಂದೇ ದಪ್ಪಕ್ಕೆ ಲಟ್ಟಿಸಿ ಅದರಿಂದ ಬಿಲ್ಲೆ ಕತ್ತರಿಸುವುದು, ಬಿಲ್ಲೆಯನ್ನು ಉರುಳಿಸಿ ಅಂಚನ್ನು ಸ್ವಲ್ಪ ಎತ್ತುವುದು, ಆಮೇಲೆ ಉಕ್ಕಿನ ಬಳೆಯೊಂದರ ಒಳಗೆ ಕೂರಿಸಿ ಮೇಲೂ ಕೆಳಗೂ ಅಚ್ಚಿನಿಂದ ಒಂದೇ ಸಲ ಒತ್ತುವುದು. ಬಳೆ ಲೋಹವನ್ನು ಹೊರಗೆ ಹರಡಲು ಬಿಡುವುದಿಲ್ಲ, ಅದಕ್ಕೇ ಪ್ರತಿ ರೂಪಾಯಿಯೂ ಒಂದೇ ಗುಂಡಗೆ, ಒಂದೇ ಅಗಲಕ್ಕೆ ಬರುತ್ತದೆ. ಕೋಟಿಗಟ್ಟಲೆ ನಾಣ್ಯ ಒಂದೇ ಥರ ಇರಲೇಬೇಕು ಎಂಬ ನಿರೀಕ್ಷೆ ಹುಟ್ಟಿದ್ದು ಆಗ. ನಡುವಿನಿಂದ ಜಾರಿದ ಚಿತ್ರ ತಪ್ಪು ಎನಿಸಿದ್ದೂ ಆಗಲೇ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪರೀಕ್ಷೆಯ ಮೊದಲ ಸೂತ್ರ ತಾನಾಗಿ ಸಿಗುತ್ತದೆ. ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದಲ್ಲಿ ಸೀಳು ಬಿದ್ದಿದ್ದರೆ ಸಕ್ಕರೆಯ ಗೊಂಬೆಯ ಮೇಲೆ ಅದು ಉಬ್ಬು ಗೆರೆಯಾಗಿ ಬರುತ್ತದೆ, ಅದೇ ಗೊಂಬೆಯನ್ನು ಆಮೇಲೆ ಉಗುರಿನಿಂದ ಗೀರಿದರೆ ಗೆರೆ ತಗ್ಗಾಗುತ್ತದೆ. ನಾಣ್ಯದಲ್ಲೂ ಇಷ್ಟೇ. ಅಚ್ಚಿನಲ್ಲಿ ಬಿದ್ದ ಬಿರುಕು, ಕಳಚಿದ ಚೂರು ಇವೆಲ್ಲ ನಾಣ್ಯದ ಮೇಲೆ ಎದ್ದು ನಿಲ್ಲುತ್ತವೆ, ಜೇಬಿನಲ್ಲಿ, ರಸ್ತೆಯಲ್ಲಿ, ಯಂತ್ರದ ಹಲ್ಲಿಗೆ ಸಿಕ್ಕಿ ಆದ ಗಾಯಗಳು ಒಳಗೆ ಇಳಿಯುತ್ತವೆ. ಅಚ್ಚಿನ ದೋಷಕ್ಕೆ ಇನ್ನೊಂದು ಗುಣವಿದೆ. ಅದು ಒಂಟಿಯಲ್ಲ. ದೋಷ ಬಿದ್ದ ಮೇಲೆ ಅದೇ ಅಚ್ಚಿನಿಂದ ಹುಟ್ಟಿದ ನಾಣ್ಯಗಳೆಲ್ಲದರಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ, ಮೊದಲು ಕೂದಲೆಳೆಯಷ್ಟು, ಆಮೇಲೆ ದಪ್ಪವಾಗುತ್ತ ಕಾಣಿಸಿಕೊಳ್ಳುತ್ತದೆ. ಈ ಸೂತ್ರಕ್ಕೆ ಅಪವಾದವೂ ಉಂಟು. ಅಚ್ಚಿನ ಗುಳಿಗಳಲ್ಲಿ ಗ್ರೀಸು ತುಂಬಿದರೆ ಅಕ್ಷರ ಮೂಡುವುದೇ ಇಲ್ಲ, ಬಿಲ್ಲೆಯ ಮೇಲೆ ದಾರದ ಎಳೆ ಬಿದ್ದಿದ್ದರೆ ಅದರ ಗುರುತು ತಗ್ಗಾಗಿಯೇ ಉಳಿಯುತ್ತದೆ. ಆದರೆ ಆಗಲೂ ತಗ್ಗಿನ ದಡದಲ್ಲಿ ಲೋಹ ಎದ್ದಿರುವುದಿಲ್ಲ. ಆಮೇಲಿನ ಗೀರಿನ ಎರಡೂ ದಡದಲ್ಲಿ ಲೋಹ ಸಣ್ಣ ಬದುವಿನಂತೆ ಎದ್ದಿರುತ್ತದೆ.

ಅಂಚು ಹರಿದ ನಾಣ್ಯ ಇದಕ್ಕೆ ಒಳ್ಳೆಯ ಪರೀಕ್ಷೆ. ಬಿಲ್ಲೆ ಕತ್ತರಿಸುವಾಗ ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ ಹೊಸ ಬಿಲ್ಲೆ ಹಿಂದಿನ ತೂತಿನ ಮೇಲೆ ಹಾಯ್ದು, ಬಾಳೆಕಾಯಿ ವಕ್ರದ ಒಂದು ಕಚ್ಚು ಉಳಿಯುತ್ತದೆ. ಇದು ಅಚ್ಚು ಬೀಳುವ ಮೊದಲಿನ ತಪ್ಪು, ಹಾಗಾಗಿ ಮುಂದಿನ ಎರಡು ಹಂತಗಳೂ ಅದರ ಮೇಲೆ ತಮ್ಮ ಗುರುತು ಬಿಡಬೇಕು. ಬಿಡುತ್ತವೆ. ಅಂಚು ಎತ್ತುವ ಯಂತ್ರದಲ್ಲಿ ಬಿಲ್ಲೆ ಎರಡು ಕಡೆಯಿಂದ ಒತ್ತಡಕ್ಕೆ ಸಿಗುತ್ತ ಉರುಳಬೇಕು. ಕಚ್ಚಿನ ಭಾಗ ಬಂದಾಗ ಒಂದು ಕಡೆ ಒತ್ತಲು ಏನೂ ಇಲ್ಲ, ಆದ್ದರಿಂದ ಸರಿಯಾಗಿ ಎದುರಿನ ಅಂಚೂ ಎದ್ದುಕೊಳ್ಳದೆ ಮಂಕಾಗಿ ಉಳಿಯುತ್ತದೆ. ನಾಣ್ಯ ಸಂಗ್ರಾಹಕರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎನ್ನುತ್ತಾರೆ. ಆಮೇಲೆ ಅಚ್ಚು ಬಿದ್ದಾಗ ಕಚ್ಚಿನ ಹತ್ತಿರದ ಅಕ್ಷರಗಳು ಬರಿದಾದ ಕಡೆಗೆ ಹರಿದು, ತುದಿಯಲ್ಲಿ ಸಪೂರವಾಗಿ, ಆಕಾರ ಕಳೆದುಕೊಳ್ಳುತ್ತವೆ. ಕತ್ತರಿಯಿಂದಲೋ ಅರದಿಂದಲೋ ನಾಣ್ಯವನ್ನು ಕಡಿದವನಿಗೆ ಇದೊಂದೂ ಸಾಧ್ಯವಿಲ್ಲ. ಅವನು ಕಡಿದ ಜಾಗದಲ್ಲಿ ಅಕ್ಷರ ಚಾಕು ಇಟ್ಟಂತೆ ನಿಂತುಬಿಡುತ್ತದೆ, ಎದುರಿನ ಅಂಚು ಎಂದಿನಂತೆ ಪೂರ್ತಿಯಾಗಿ ಇರುತ್ತದೆ. ಎಲ್ಲ ನಿಜವಾದ ಕಚ್ಚಿನ ಎದುರೂ ಅಂಚು ಮಂಕಾಗಿಯೇ ಇರಬೇಕೆಂದಿಲ್ಲ, ಕಚ್ಚು ತೀರ ಚಿಕ್ಕದಾದರೆ ಕಾಣದೆಯೂ ಹೋಗಬಹುದು. ಆದರೆ ಅಂಚೂ ಗಟ್ಟಿ, ಅಕ್ಷರವೂ ಗಟ್ಟಿ, ಕಚ್ಚು ಮಾತ್ರ ದೊಡ್ಡದು ಎಂದಾದರೆ ಆ ನಾಣ್ಯಕ್ಕೆ ಟಂಕಸಾಲೆಯ ಸಾಕ್ಷಿ ಇಲ್ಲ.

ಜೋಡಿ ಅಕ್ಷರದ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ಇದರ ದೊಡ್ಡ ಉದಾಹರಣೆ ಅಮೆರಿಕದ ಫಿಲಡೆಲ್ಫಿಯಾದ ಟಂಕಸಾಲೆಯ 1955ರ ಸೆಂಟ್. ಅಲ್ಲಿ ಆಗ ಒಂದು ಅಚ್ಚನ್ನು ಮಾಡಲು ಮೂಲ ಉಬ್ಬಚ್ಚನ್ನು ಉಕ್ಕಿನೊಳಗೆ ಒಂದಕ್ಕಿಂತ ಹೆಚ್ಚು ಸಲ ಒತ್ತಬೇಕಿತ್ತು. ಎರಡನೆಯ ಸಲ ಒತ್ತುವಾಗ ಸ್ವಲ್ಪ ತಿರುಗಿ ಕೂತದ್ದರಿಂದ ಅಚ್ಚಿನಲ್ಲೇ ವರ್ಷವೂ ಬರಹವೂ ಎರಡೆರಡಾದವು. ಗೊತ್ತಾಗುವ ಹೊತ್ತಿಗೆ ಆ ನಾಣ್ಯಗಳು ಬೇರೆ ನಾಣ್ಯಗಳ ರಾಶಿಯಲ್ಲಿ ಬೆರೆತಿದ್ದವು. ಇಡೀ ರಾಶಿಯನ್ನು ಕರಗಿಸುವ ಬದಲು ಹೊರಗೆ ಬಿಟ್ಟರು, ಹೀಗೆ 20,000ಕ್ಕೂ ಹೆಚ್ಚು ನಾಣ್ಯ ಚಲಾವಣೆಗೆ ಹೋದವು. ಅವುಗಳಲ್ಲಿ ಎರಡೂ ಅಕ್ಷರಗಳು ತುಂಬಿ, ಗುಂಡಾಗಿ, ಒಂದೇ ಎತ್ತರಕ್ಕೆ ನಿಂತಿವೆ, ಒಟ್ಟು ಗೆರೆ ದಪ್ಪವಾಗಿದೆ. ಆದರೆ ನಮ್ಮ ಚಿಲ್ಲರೆಯಲ್ಲಿ ಸಿಗುವ ಜೋಡಿ ಅಕ್ಷರಗಳಲ್ಲಿ ಹೆಚ್ಚಿನವು ಬೇರೆ. ಒತ್ತುವ ಯಂತ್ರದಲ್ಲಿ ಅಚ್ಚು ಸಡಿಲವಾಗಿದ್ದರೆ, ಚಿತ್ರ ಮೂಡಿದ ಮರುಕ್ಷಣ ಅದು ಜಾರಿ ಈಗಷ್ಟೇ ಎದ್ದ ಅಕ್ಷರದ ಪಕ್ಕವನ್ನು ಸವರಿಬಿಡುತ್ತದೆ. ಆಗ ಎರಡನೆಯ ‘ಅಕ್ಷರ’ ಎಂದು ಕಾಣುವುದು ಮೆಟ್ಟಿಲಿನಂಥ ಚಪ್ಪಟೆ ತಗ್ಗು ಮಾತ್ರ, ಮೂಲ ಅಕ್ಷರವೂ ತೆಳ್ಳಗಾಗಿರುತ್ತದೆ. ಇದು ಟಂಕಸಾಲೆಯೊಳಗೇ ಆದದ್ದಲ್ಲವೇ, ತಪ್ಪು ಎಂದು ಯಾಕೆ ಒಪ್ಪಬಾರದು ಎಂಬ ಆಕ್ಷೇಪ ನ್ಯಾಯವಾದದ್ದೇ. ಟಂಕಸಾಲೆಯ ಗಡಿಯೊಳಗೆ ಆಗಿದೆ ಎಂಬುದನ್ನು ಒಪ್ಪಬೇಕು. ಆದರೆ ಅದು ಸಡಿಲ ಯಂತ್ರ ಇರುವಲ್ಲೆಲ್ಲ ಆಗುವಂಥದ್ದು, ಅದಕ್ಕೆ ಅಪರೂಪದ ಬೆಲೆ ಕಟ್ಟುವುದನ್ನು ಒಪ್ಪಬೇಕಾಗಿಲ್ಲ.

ಆಮೇಲಿನ ಪೆಟ್ಟುಗಳ ಲೋಕ ದೊಡ್ಡದು. ಅದರಲ್ಲಿ ಬಹುಪಾಲು ಮೋಸದ್ದಲ್ಲ, ಬದುಕಿನದು. ಮಕ್ಕಳು ರೈಲು ಹಳಿಯ ಮೇಲಿಟ್ಟ ನಾಣ್ಯ ಅಗಲವಾಗಿ, ಚಿತ್ರವೂ ಅದರ ಜೊತೆ ಎಳೆದು ಹರಡಿರುತ್ತದೆ. ಬಳೆಯಿಲ್ಲದೆ ಅಚ್ಚು ಬಿದ್ದು ಅಗಲವಾದ ನಿಜವಾದ ತಪ್ಪು ನಾಣ್ಯದಲ್ಲಾದರೆ ಲೋಹ ಹೊರಗೆ ಹರಿದಿದ್ದರೂ ನಡುವಿನ ಚಿತ್ರ ತನ್ನ ಅಳತೆಯಲ್ಲೇ ಚೊಕ್ಕವಾಗಿರುತ್ತದೆ. ಕಾಸಿನ ಸರಕ್ಕೆ ಕೂಡಿಸಿದ್ದ ರೂಪಾಯಿಯಲ್ಲಿ ಬೆಸುಗೆಯ ಕಲೆ, ಮುಚ್ಚಿದ ತೂತು ಉಳಿದಿರುತ್ತದೆ. ದೇವರ ಹೊಳೆಗೆ ಎಸೆದದ್ದು ಬಣ್ಣ ತಿರುಗಿ ಮೈ ಒರಟಾಗಿರುತ್ತದೆ. ಬೇಕೆಂದೇ ಮಾಡಿದವೂ ಇವೆ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಕಬ್ಬಿಣದ ವೈಸಿನಲ್ಲಿ ಬಿಗಿದರೆ ಒಂದರ ಅಕ್ಷರ ಇನ್ನೊಂದರಲ್ಲಿ ತಿರುವಿ ಮೂಡುತ್ತದೆ. ಇದನ್ನು ಅಂಟಿದ ನಾಣ್ಯದಿಂದಾದ ಹಳೆಯ ಬಗೆಯ ತಪ್ಪು ಎಂದು ಮಾರುತ್ತಾರೆ. ಆದರೆ ಇದರಲ್ಲಿ ಮೊದಲಿನ ಚಿತ್ರ ಚಪ್ಪಟೆಯಾಗಿ ಕೆಳಗೇ ಉಳಿದಿರುತ್ತದೆ, ನಿಜವಾದದ್ದರಲ್ಲಿ ಆ ಮುಖಕ್ಕೆ ಬೇರೆ ಚಿತ್ರವೇ ಬಿದ್ದಿರುವುದಿಲ್ಲ. ಆಮ್ಲದಲ್ಲಿ ಅದ್ದಿದ ನಾಣ್ಯ ತೆಳ್ಳಗಾಗಿ ‘ತೆಳುಬಿಲ್ಲೆಯದು’ ಎನಿಸಿಕೊಳ್ಳುತ್ತದೆ, ಅದರ ಅಕ್ಷರಗಳೂ ತಿಂದಂತೆ ಸಣಕಲಾಗಿರುತ್ತವೆ. ಲೋಹ ಬದಲಾದ ನಾಣ್ಯಗಳ ಕತೆ ಇನ್ನೂ ಸರಳ. ಅಮೆರಿಕದಲ್ಲಿ 1943ರ ಸೆಂಟ್ ಸತು ಲೇಪಿಸಿದ ಉಕ್ಕಿನದು, ಆದರೆ ಹಿಂದಿನ ವರ್ಷದ ಕಂಚಿನ ಬಿಲ್ಲೆಗಳು ಕೆಲವು ಯಂತ್ರದಲ್ಲಿ ಉಳಿದಿದ್ದರಿಂದ ಬೆರಳೆಣಿಕೆಯ ಕಂಚಿನ ನಾಣ್ಯಗಳು ಹುಟ್ಟಿದವು. ಅವಕ್ಕೆ ಬೆಲೆ ಬಂದ ಮೇಲೆ ಉಕ್ಕಿನ ಸೆಂಟಿಗೆ ತಾಮ್ರ ಹತ್ತಿಸಿದವು ಬಂದವು. ಅವುಗಳನ್ನು ಆಯಸ್ಕಾಂತ ಹಿಡಿಯುತ್ತದೆ, ಕಂಚಿನದನ್ನು ಹಿಡಿಯುವುದಿಲ್ಲ. ತಕ್ಕಡಿಯೂ ಹೇಳುತ್ತದೆ, ಒಂದು 2.7 ಗ್ರಾಂ, ಇನ್ನೊಂದು 3.11. ನಮ್ಮಲ್ಲೂ ಈ ತರ್ಕ ನಡೆಯುತ್ತದೆ. 1990ರ ದಶಕದ ಹನ್ನೊಂದು ಮೂಲೆಯ 2 ರೂಪಾಯಿ ಕುಪ್ರೊನಿಕಲ್, ತೂಕ 6 ಗ್ರಾಂ. ಅದೇ ಕಾಲದ 1 ರೂಪಾಯಿ ಸ್ಟೇನ್‌ಲೆಸ್ ಸ್ಟೀಲ್, 4.85 ಗ್ರಾಂ. 2 ರೂಪಾಯಿಯ ಅಚ್ಚು 1 ರೂಪಾಯಿಯ ಬಿಲ್ಲೆಗೆ ಬಿದ್ದಿದೆ ಎನ್ನುವವನು ಆಯಸ್ಕಾಂತದ ಮುಂದೆಯೂ ತಕ್ಕಡಿಯ ಮುಂದೆಯೂ ಅದನ್ನು ತೋರಿಸಬೇಕು.

ಐದನೆಯ ಜಾರ್ಜ್‌ನ 1911ರ ರೂಪಾಯಿಯನ್ನು ತಪ್ಪು ನಾಣ್ಯಗಳ ಸಾಲಿಗೆ ಸೇರಿಸುವವರಿದ್ದಾರೆ. ಅದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಸಣ್ಣ ಆನೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡಿತು, ಜನ ಬೇಸರಪಟ್ಟರು, 1912ರಲ್ಲಿ ಚಿತ್ರ ತಿದ್ದಿದರು. ಇದು ಕಲಾವಿದನ ಕೊರತೆ. ಟಂಕಸಾಲೆ ತನಗೆ ಕೊಟ್ಟ ಚಿತ್ರವನ್ನು ಕೊಟ್ಟಂತೆಯೇ ಒತ್ತಿತು. ಆ ನಾಣ್ಯಕ್ಕೆ ಬೆಲೆ ಇರುವುದು ಅದು ಬೇಗ ನಿಂತುಹೋದದ್ದಕ್ಕೆ. ಈ ವ್ಯತ್ಯಾಸವನ್ನು ಮರೆತರೆ ಬೆಲೆಯೇ ತಪ್ಪಿಗೆ ಸಾಕ್ಷಿ ಎಂಬ ತಿರುಗುಮುರುಗಾದ ತರ್ಕಕ್ಕೆ ದಾರಿಯಾಗುತ್ತದೆ.

ಇಷ್ಟೆಲ್ಲ ಲೋಹವನ್ನೇ ಯಾಕೆ ಕೇಳಬೇಕು, ಟಂಕಸಾಲೆಯ ದಾಖಲೆ ನೋಡಿದರೆ ಸಾಲದೇ ಎಂಬುದು ಗಟ್ಟಿಯಾದ ಆಕ್ಷೇಪ. ದಾಖಲೆ ಎಷ್ಟು ನಾಣ್ಯ ಹೊರಗೆ ಹೋಯಿತು ಎಂದು ಹೇಳುತ್ತದೆ. ಕಣ್ಣಿಗೆ ಬಿದ್ದ ಕೆಟ್ಟ ನಾಣ್ಯವನ್ನು ಕರಗಿಸುತ್ತಾರೆ, ಬೀಳದೆ ಚೀಲ ಸೇರಿದ್ದನ್ನು ಯಾರೂ ಬರೆದಿಡುವುದಿಲ್ಲ. ಆದ್ದರಿಂದ ತಪ್ಪು ನಾಣ್ಯಕ್ಕೆ ಬಹುಮಟ್ಟಿಗೆ ಅದರ ಲೋಹವೇ ಸಾಕ್ಷಿ. ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ: ಟಂಕಸಾಲೆಯ ಒಳಗಿನವನೇ ಬೇಕೆಂದು ಬಿಲ್ಲೆ ಬದಲಿಸಿ ಒತ್ತಿದರೆ ಲೋಹ ಏನು ಹೇಳೀತು? ಏನೂ ಹೇಳಲಾರದು. ಅಮೆರಿಕದ 1913ರ ಲಿಬರ್ಟಿ ನಿಕಲ್ ಐದೇ ಐದು ಇವೆ, ಟಂಕಸಾಲೆಯ ಲೆಕ್ಕದಲ್ಲಿ ಅವು ಇಲ್ಲ. 1920ರಲ್ಲಿ ಅವನ್ನು ತೋರಿಸಿದವನು ಅದೇ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಹಿಂದೆ ಕೆಲಸ ಮಾಡಿದ್ದ ಸ್ಯಾಮ್ಯುಯೆಲ್ ಬ್ರೌನ್. ಅಚ್ಚು ನಿಜ, ಬಿಲ್ಲೆ ನಿಜ, ಒತ್ತಡ ನಿಜ, ಆದರೂ ಅದು ತಪ್ಪಲ್ಲ. ತಪ್ಪು ಎನ್ನಬೇಕಾದರೆ ಉದ್ದೇಶ ಇರಬಾರದು, ಉದ್ದೇಶವನ್ನು ಲೋಹ ತೋರಿಸುವುದಿಲ್ಲ. ನನ್ನ ಸೂತ್ರದ ಗಡಿ ಇಲ್ಲಿಗೆ ಮುಗಿಯುತ್ತದೆ. ಲೋಹದ ಪರೀಕ್ಷೆ ಆಮೇಲಿನ ಪೆಟ್ಟನ್ನು ಬೇರ್ಪಡಿಸಬಲ್ಲದು, ಒಳಗಿನ ಕಳ್ಳಕೈಯನ್ನಲ್ಲ. ಆದರೆ ಚಿಲ್ಲರೆಯಲ್ಲಿ ಸಿಗುವ ನಾಣ್ಯಗಳ ಮಟ್ಟಿಗೆ ಈ ಗಡಿ ಹೆಚ್ಚು ತೊಂದರೆ ಕೊಡದು. ಒಳಗೆ ಕದ್ದು ಮಾಡಿದ್ದನ್ನು ಯಾರೂ ಬಸ್ ಟಿಕೆಟಿಗೆ ಕೊಡುವುದಿಲ್ಲ.

ಪೆಟ್ಟು ಬಿದ್ದ ನಾಣ್ಯವನ್ನು ಕಸವೆಂದು ತಳ್ಳುವುದನ್ನೂ ನಾನು ಒಪ್ಪಲಾರೆ. ಚಿನಿವಾರನ ಉಳಿಯ ಗುರುತು ಆಮೇಲಿನ ಪೆಟ್ಟೇ. ಒಂದು ರೂಪಾಯಿಯ ಮೇಲೆ ಅಂಥ ನಾಲ್ಕೈದು ಗುರುತುಗಳು ಇದ್ದರೆ ಅದು ಎಷ್ಟು ಕೈ ದಾಟಿದೆ, ಎಷ್ಟು ಜನ ಅದರ ಬೆಳ್ಳಿಯನ್ನು ಅನುಮಾನಿಸಿ ಆಮೇಲೆ ನಂಬಿದ್ದಾರೆ ಎಂಬುದು ಅಲ್ಲೇ ಬರೆದಿದೆ. ಕಾಸಿನ ಸರದ ಬೆಸುಗೆ ಒಂದು ಮನೆಯ ಉಳಿತಾಯದ ಲೆಕ್ಕ. ಇವನ್ನು ಉಜ್ಜಿ ಪಾಲಿಶ್ ಮಾಡಿ ‘ಹೊಸದು’ ಮಾಡುವವರು ಚರಿತ್ರೆಯನ್ನೇ ಅಳಿಸುತ್ತಾರೆ. ಬೇಕಾದದ್ದು ಹೆಸರು ಸರಿಯಾಗಿ ಇಡುವುದು ಮಾತ್ರ.

2009ರಿಂದ ಚಲಾವಣೆಗೆ ಬಂದ ಎರಡು ಲೋಹದ 10 ರೂಪಾಯಿಯೊಂದಿಗೆ ಈ ಕೆಲಸ ಮತ್ತೆ ಹೊಸದಾಗಿದೆ. ಅದರ ಹೊರಗಿನ ಬಳೆ ಅಲ್ಯುಮಿನಿಯಂ ಕಂಚಿನದು, ಒಳಗಿನ ಬಿಲ್ಲೆ ಬಿಳಿ ಲೋಹದ್ದು, ಎರಡನ್ನೂ ಒಂದುಗೂಡಿಸುವುದು ಅಚ್ಚಿನ ಒತ್ತಡವೇ. ವಿನ್ಯಾಸಗಳು ಹಲವಾದ್ದರಿಂದ ಜನ ಅಸಲಿ ನಾಣ್ಯವನ್ನೇ ಖೋಟಾ ಎಂದು ತಳ್ಳತೊಡಗಿ, 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಆವರೆಗಿನ 14 ವಿನ್ಯಾಸಗಳೂ ಸಿಂಧು ಎಂದು ಸಾರಬೇಕಾಯಿತು. ಆ ನಾಣ್ಯದ ನಡುವಿನ ಬಿಲ್ಲೆಯನ್ನು ಸುತ್ತಿಗೆಯಿಂದ ಉದುರಿಸಿ, ಉಳಿದ ಬಳೆಯನ್ನು ತಪ್ಪು ನಾಣ್ಯವೆಂದು ತೋರಿಸುವವರಿದ್ದಾರೆ. ಒಳಗೋಡೆಯನ್ನು ನೋಡಬೇಕು. ಬಿಲ್ಲೆ ಕೂತು ಬಿಗಿದಿದ್ದ ಗುರುತು, ಹೊರಗೆ ಜಾರುವಾಗ ಉಜ್ಜಿದ ಗೀರು ಅಲ್ಲಿದ್ದರೆ ಅದು ಮುರಿದ ನಾಣ್ಯ. ನಡುವಿನ ಬಿಲ್ಲೆ ಇಲ್ಲದೆಯೇ ಅಚ್ಚು ಬಿದ್ದಿದ್ದರೆ ತಡೆಯಿಲ್ಲದ ಲೋಹ ಒಳಗೆ ಹರಿದು ತೂತು ಕಿರಿದಾಗಿರುತ್ತದೆ, ಅದರ ತುಟಿ ಗುಂಡಗಾಗಿರುತ್ತದೆ, ಆ ಕಡೆಯ ಚಿತ್ರವೂ ಒಳಕ್ಕೆ ಜಗ್ಗಿರುತ್ತದೆ.